ಆಲ್ಟ್ + 8377: ಕೀಲಿ ಇಲ್ಲದ ಅಕ್ಷರದ ಕಥಿ

ದೋಸ್ತ್ರ, ಹಳೇ ಬಿಲ್ ಇಲ್ಲಾ ಲೆಕ್ಕದ ಪಿಡಿಎಫ್ ತೆಗೆದಾಗ "` 5,000" ಅಂತ ಕಂಡದ್ದು ನೆನಪೈತೇನು? ರೂಪಾಯಿ ಚಿಹ್ನೆ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಓರೆ ಗೀಟು. ಅದು ಟೈಪಿಂಗ್ ತಪ್ಪಲ್ಲ, ಇತಿಹಾಸ!

1️⃣ ಚಿಹ್ನೆ ಬಂತು, ನಂಬರ್ ಇರಲಿಲ್ಲ
ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ. ಪ್ರತಿ ಅಕ್ಷರವೂ ಅದಕ್ಕೆ ಒಂದು ನಂಬರ್, ಅಷ್ಟೇ. 2010ರ ಜುಲೈ 15ರಂದು ಡಿ. ಉದಯಕುಮಾರ್ ರಚಿಸಿದ ₹ ಚಿಹ್ನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕಿನ್ನೂ ಕೀಲಿಯೂ ಇರಲಿಲ್ಲ, ನಂಬರೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರೇಡಿಯನ್ ಕಂಪನಿ ಒಂದು ಫಾಂಟ್ ತಂದಿತು. 1ರ ಎಡಕ್ಕಿರುವ ಕೀಲಿ ಒತ್ತಿದರೆ ₹ ಕಾಣುತ್ತಿತ್ತು. ಆ ತುರ್ತಿಗೆ ಜಾಣ ಉಪಾಯ. ಆದರೆ ಫೈಲ್‌ನೊಳಗೆ ಉಳಿದದ್ದು ಆ ಕೀಲಿಯ ಹಳೇ ನಂಬರ್ 96. ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ ` ಕಾಣುತ್ತದೆ.

2️⃣ ನಂಬರ್ ಬಂತು
ಅದೇ ವರ್ಷ ಅಕ್ಟೋಬರ್‌ನಲ್ಲಿ ಯುನಿಕೋಡ್ 6.0 ಬಂದು, ₹ಗೆ ತನ್ನದೇ ನಂಬರ್ ಸಿಕ್ಕಿತು: 8377. ವರ್ಡ್‌ನಲ್ಲಿ ನಮ್‌ಲಾಕ್ ಆನ್ ಮಾಡಿ, ಆಲ್ಟ್ ಹಿಡಿದು, ಬಲಗಡೆ ನಂಬರ್ ಪ್ಯಾಡ್‌ನಲ್ಲಿ 8377 ಒತ್ತಿ ಬಿಡ್ರಿ. ₹ ಬರ್ತೈತಿ.

ಹಳೇ ನೋಟ್‌ಪ್ಯಾಡ್‌ನಲ್ಲಿ ಮಾಡಿದರೆ ಮಾತ್ರ ╣ ಬರ್ತೈತಿ! ಯಾಕ? ಆಲ್ಟ್ ಕೋಡ್ ಹುಟ್ಟಿದ್ದು 1981ರ ಐಬಿಎಂ ಪಿಸಿ ಕಾಲದಲ್ಲಿ. ಆಗ ಇದ್ದದ್ದು ಬರೀ 256 ಅಕ್ಷರ. 8377ನ್ನು 256ರಿಂದ ಭಾಗಿಸ್ರಿ, ಶೇಷ 185. ಆ ಹಳೇ ಪಟ್ಟಿಯಲ್ಲಿ 185 ಅಂದರೆ ╣. ಕಾಮರ್ಸ್‌ನವರಿಗೆ ಇದಕ್ಕಿಂತ ಸೊಗಸಾದ ಲೆಕ್ಕ ಬೇಕೇ?

3️⃣ ಕನ್ನಡಕ್ಕೂ ಇದೇ ಗತಿ ಆಗಿತ್ತು
ಆ 256ರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ಶ್ರೀಲಿಪಿ, ಬರಹ, ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ನಂಬರ್ ಮೇಲೆಯೇ ಕನ್ನಡದ ಆಕಾರ ಕೂರಿಸಿದವು. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಹಾಗೆ. ಆದರೆ ಫಾಂಟ್ ಇಲ್ಲದಿದ್ದರೆ ಇಡೀ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. 1991ರ ಯುನಿಕೋಡ್ ಕನ್ನಡಕ್ಕೆ ಬೇರೆಯೇ ಓಣಿ ಕೊಟ್ಟಿತು: 3200ರಿಂದ 3327.

4️⃣ ಹೆಸರು ತಪ್ಪು, ನಂಬರ್ ಸರಿ
ಆ ಓಣಿಯಲ್ಲಿ 3294ನೇ ಮನಿ ಹಳಗನ್ನಡದ ೞ ಅಕ್ಷರದ್ದು. ಆಗ 'ಆಳ್' ಅಂದರೆ ಆಳು, 'ಆೞ್' ಅಂದರೆ ಮುಳುಗು. ೞ ಹೋಗಿ ಳ ಒಂದೇ ಉಳಿಯಿತು. ಯುನಿಕೋಡ್‌ನವರು ಇದಕ್ಕೆ ಇಂಗ್ಲಿಷಿನಲ್ಲಿ 'ಫಾ' ಅಂತ ತಪ್ಪು ಹೆಸರು ಬರೆದರು. ಕೊಟ್ಟ ಹೆಸರು ಬದಲಿಸಬಾರದು ಅನ್ನೋದು ಅವರದೇ ನಿಯಮ. ಅದಕ್ಕೆ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದರು. ಆದರೂ ವರ್ಡ್‌ನಲ್ಲಿ ಆಲ್ಟ್ + 3294 ಒತ್ತಿದರೆ ೞ ತಪ್ಪದೆ ಬರ್ತೈತಿ.

ಕೀಲಿ ಇಲ್ಲದಿದ್ದರೂ, ಹೆಸರು ತಪ್ಪಿದ್ದರೂ, ತನ್ನದೇ ನಂಬರ್ ಇದ್ದರೆ ಅಕ್ಷರ ಉಳಿಯುತ್ತದೆ. ವೇಷ ಹಾಕಿದ ಅಕ್ಷರ ಉಳಿಯೋದಿಲ್ಲ.

ನಮ್ಮ ಮುನವಳ್ಳಿಯಂಥ ಊರಿನ ಸಂಘದ ಠರಾವು, ಜಾತ್ರಿ ಲೆಕ್ಕ, ಅಜ್ಜ ಟೈಪ್ ಮಾಡಿಸಿಟ್ಟ ಮನೆತನದ ಇತಿಹಾಸ, ಹಳೇ ಫಾಂಟ್‌ನಲ್ಲಿ ಏನಿದ್ದರೂ ಯುನಿಕೋಡ್‌ಗೆ ಬದಲಿಸಿ ಇಡ್ರಿ. ಓದೋ ಫಾಂಟ್ ಇನ್ನೂ ಸಿಗುವಾಗಲೇ ಮಾಡ್ರಿ.

ನಿಮ್ಮ ಮನ್ಯಾಗ ಅಂಥ ಫೈಲ್ ಐತೇನು? ಕಾಮೆಂಟ್‌ನಲ್ಲಿ ಹೇಳ್ರಿ 👇

#ಮುನವಳ್ಳಿ #ಕನ್ನಡ_ಯುನಿಕೋಡ್ #ಆಲ್ಟ್_ಕೋಡ್