ಭೂಪಟವೂ ನಾಡಿನ ಅಳತೆಯೂ

ಶಾಲೆಯ ಗೋಡೆಗಳಲ್ಲಿ ತೂಗುವ ಕೆಲವು ಪ್ರಪಂಚ ಭೂಪಟಗಳಲ್ಲಿ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕ ಖಂಡದಷ್ಟೇ ವಿಶಾಲವಾಗಿ ತೋರುವುದುಂಟು. ವಾಸ್ತವದಲ್ಲಿ ಗ್ರೀನ್‌ಲೆಂಡಿನ ವಿಸ್ತೀರ್ಣ ಸುಮಾರು 22 ಲಕ್ಷ ಚದರ ಕಿಲೋಮೀಟರು. ಆಫ್ರಿಕದ್ದು 3 ಕೋಟಿಗೂ ಮೇಲು. ಗ್ರೀನ್‌ಲೆಂಡಿನ ಒಂದೂವರೆಯಷ್ಟಿರುವ ನಮ್ಮ ಭಾರತವೂ ಆ ಪಟದಲ್ಲಿ ಅದರ ಮುಂದೆ ಕುಬ್ಜವಾಗಿ ಕಾಣುತ್ತದೆ.

ಇದಕ್ಕೆ ಕಾರಣವೇನು? ದುಂಡಗಿರುವ ಭೂಮಿಯನ್ನು ಚಪ್ಪಟೆಯಾದ ಹಾಳೆಯ ಮೇಲೆ ಹಾಸಬೇಕಾದರೆ ಎಲ್ಲಿಯಾದರೂ ಹಿಗ್ಗಿಸಬೇಕು, ಇಲ್ಲವೆ ಹರಿಯಬೇಕು. ಕ್ರಿ.ಶ. 1569ರಲ್ಲಿ ಗೆರಾರ್ಡಸ್ ಮರ್ಕೇಟರನು ನಾವಿಕರಿಗಾಗಿ ಪಟವೊಂದನ್ನು ರಚಿಸಿದನು. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ದಾರಿ ಅದರಲ್ಲಿ ಸರಳರೇಖೆಯಾಗುತ್ತದೆ. ಆ ಅನುಕೂಲಕ್ಕಾಗಿ ವಿಸ್ತೀರ್ಣದ ಸತ್ಯವನ್ನು ಬಿಟ್ಟುಕೊಡಬೇಕಾಯಿತು. ಭೂಮಧ್ಯರೇಖೆಯಿಂದ ದೂರ ಸರಿದಂತೆಲ್ಲ ನೆಲ ಹಿಗ್ಗುತ್ತದೆ: 60ನೆಯ ಅಕ್ಷಾಂಶದಲ್ಲಿ ನಾಲ್ಕು ಪಟ್ಟಾಗುತ್ತದೆ, ಸುಮಾರು 14ನೆಯ ಅಕ್ಷಾಂಶದಲ್ಲಿರುವ ನಮ್ಮ ಮಡಕಶಿರದಲ್ಲಾದರೋ ನೂರಕ್ಕೆ ಆರರಷ್ಟು ಮಾತ್ರ.

ಚಿಕ್ಕ ನೆಲದ ಪಟಕ್ಕೆ ಈ ದೋಷ ಅಷ್ಟಾಗಿ ತಟ್ಟದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿ ಮೋಜಣಿಯಲ್ಲಿ 1804ರಲ್ಲಿ ಬೆಂಗಳೂರಿನ ಬಳಿಯೂ 1811ರಲ್ಲಿ ಗುತ್ತಿಯ ಬಳಿಯೂ ಆಧಾರರೇಖೆಗಳನ್ನು ಅಳೆಯಲಾಯಿತು. ಭೂಮಿಯ ದುಂಡುತನವನ್ನೂ ಲೆಕ್ಕಕ್ಕೆ ಹಿಡಿದು ನಡೆದ ಕಾರ್ಯವದು. ಅಂಥ ಮೋಜಣಿಯನ್ನು ಆಧರಿಸಿದ ತಾಲ್ಲೂಕಿನ ಪಟದಲ್ಲಿ ಊರುಗಳು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಆದರೂ ಅಳತೆ ಸರಿಯಾದ ಮಾತ್ರಕ್ಕೆ ಪಟವು ಎಲ್ಲವನ್ನೂ ಹೇಳಿತೆನ್ನಲಾಗದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಮಡಕಶಿರವೂ ರಾಯದುರ್ಗವೂ ಅದಕ್ಕೆ ಸೇರಿದವು. ಕನ್ನಡನಾಡಿನ ಪಟಗಳಲ್ಲಿ ನಮ್ಮ ಊರುಗಳಿರಬೇಕಾದ ಎಡೆ ಹಲವು ವೇಳೆ ಬರಿದಾಗಿರುತ್ತದೆ. ಹಿಂದೆ ಹೆಂಜೇರು ಎನಿಸಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯು ತನ್ನ ಗುಡಿಗಳೊಡನೆ, ಕನ್ನಡ ಶಾಸನಗಳೊಡನೆ ಇರುವುದು ಆ ಬರಿದಾದ ಎಡೆಯಲ್ಲಿಯೇ. 2022ರಲ್ಲಿ ಮಡಕಶಿರವು ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಪಟದ ಗೆರೆ ಮತ್ತೊಮ್ಮೆ ಬದಲಾಯಿತು. ನಮ್ಮ ಮನೆಯ ಮಾತು ಬದಲಾಗಲಿಲ್ಲ.

ನಾವಿಕರ ಪಟವು ನಾವಿಕರಿಗೆ, ಆಡಳಿತದ ಪಟವು ಆಡಳಿತಕ್ಕೆ ತಕ್ಕುದೇ ಸರಿ. ಯಾವ ಪಟವನ್ನು ಯಾವ ಕೆಲಸಕ್ಕಾಗಿ ಬರೆದರೆಂಬುದನ್ನು ಅರಿತು ಓದುವ ಅಭ್ಯಾಸವನ್ನು ನಾವು ಮಕ್ಕಳಿಗೆ ಮಾಡಿಸಬೇಕು. ನಮ್ಮ ಕನ್ನಡ ಶಾಲೆಗಳಲ್ಲಿ ಪ್ರಪಂಚದ ಪಟದ ಪಕ್ಕದಲ್ಲಿ ಒಂದು ಗ್ಲೋಬು ಇರಲಿ. ತಾಲ್ಲೂಕಿನ ಪಟದ ಪಕ್ಕದಲ್ಲಿ ಹೇಮಾವತಿಯ ಶಾಸನವೊಂದರ ಪ್ರತಿಯಿರಲಿ. ಇವೆರಡನ್ನೂ ಒದಗಿಸುವುದು ನಮ್ಮ ಮನೆಗಳ ಶಕ್ತಿಗೆ ಮೀರಿದ ಕೆಲಸವಲ್ಲ.