ಚಿಮಣಿ ಏಳುವ ಮುನ್ನ

ಉಡುಪಿ ಮಲ್ಲಿಗೆಯನ್ನು ಎಣಿಸಿ ಮಾರುತ್ತಾರೆ. ಬಾಳೆನಾರಿನಲ್ಲಿ 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂಗಳದ ಗಿಡಗಳನ್ನೇ ನಂಬಿ ಮಕ್ಕಳನ್ನು ಓದಿಸಿದ ಹೆಂಗಸರು ಶಂಕರಪುರದ ಸುತ್ತಮುತ್ತ ಎಷ್ಟೋ ಮಂದಿ. ಕಲ್ಲಿದ್ದಲು ಸ್ಥಾವರಗಳ ವಿರುದ್ಧ ಕರ್ನಾಟಕದ ಜನ ನಡೆಸಿದ ಹೋರಾಟದ ಕಥೆಯನ್ನು ಈ ಲೆಕ್ಕದಿಂದಲೇ ಶುರುಮಾಡಬೇಕು. ತಮ್ಮ ನೆಲ ಏನು ಕೊಡುತ್ತಿದೆ ಎಂದು ಬಿಡಿಸಿ ಹೇಳಬಲ್ಲವರ ಮಾತಿಗೆ ಬರೀ ಘೋಷಣೆಗಿಲ್ಲದ ತೂಕವಿತ್ತು.

ಉದಾರೀಕರಣದ ಬೆನ್ನಿಗೇ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಇಂದಿನ ಉಡುಪಿ ಜಿಲ್ಲೆಯ ನಂದಿಕೂರಿಗೆ ಸುಮಾರು 1,000 ಮೆಗಾವಾಟ್‌ನ ಯೋಜನೆ ಹೊತ್ತು ಬಂತು. ಆಗ ಜನರ ಕೈಯಲ್ಲಿದ್ದದ್ದು ಮನವಿ, ಮೆರವಣಿಗೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇಷ್ಟೇ. ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದೇ 1997ರಲ್ಲಿ. 1999ರ ಡಿಸೆಂಬರಿನಲ್ಲಿ ಕೊಜೆಂಟ್ರಿಕ್ಸ್ ಹಿಂದೆ ಸರಿಯಿತು. ಆದರೆ ಜಾಗದ ಮೇಲಿನ ಕಣ್ಣು ಹೋಗಲಿಲ್ಲ. ಬೇರೆ ಕಂಪನಿ ಬಂತು, 2010ರಲ್ಲಿ ಪಕ್ಕದ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನ ಸ್ಥಾವರ ಉರಿಯತೊಡಗಿತು.

ಇದಕ್ಕೂ ಮೊದಲು, 2000ದ ದಶಕದ ನಡುವಿನಲ್ಲಿ ಉತ್ತರ ಕನ್ನಡದ ತದಡಿಗೆ 4,000 ಮೆಗಾವಾಟ್‌ನ ಬೃಹತ್ ಯೋಜನೆ ನಿಗದಿಯಾಯಿತು. ತದಡಿ ಇರುವುದು ಅಘನಾಶಿನಿಯ ಅಳಿವೆಯಲ್ಲಿ. ಈ ನದಿಗೆ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ನಿಂತು ನೋಡಿ. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿದ ಜನ ಕೆಸರು ಕೆದಕಿ ಬಳಚು ಎಂಬ ಚಿಪ್ಪುಜೀವಿ ಆರಿಸುತ್ತಿರುತ್ತಾರೆ. ದಂಡೆಯಾಚೆ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಯೋಜನೆಯ ಕಡತಕ್ಕೆ ಇದೆಲ್ಲ ಖಾಲಿ ಜಾಗ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತವೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕುತ್ತಾರೆ ಎಂದು ತಿಳಿಯಿತು. ಹಳ್ಳಿಗರ ಅನುಭವವೂ ವಿಜ್ಞಾನಿಗಳ ಅಂಕಿಯೂ ಒಂದೇ ಮಾತಾಡಿದ್ದು ಈ ಹೋರಾಟದ ದೊಡ್ಡ ತಿರುವು ಎಂದೇ ನನ್ನ ಎಣಿಕೆ. ತದಡಿಯಲ್ಲಿ ಸ್ಥಾವರ ಬರಲಿಲ್ಲ. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲೂ ರೈತರು ಮತ್ತು ನಗರದ ಪ್ರಜ್ಞಾವಂತರು ಒಟ್ಟಿಗೆ ನಿಂತು ಯೋಜನೆಯನ್ನು ತಡೆದರು. 2013ರಲ್ಲಿ ಅದೇ 4,000 ಮೆಗಾವಾಟ್‌ನ ಮಾತು ದಕ್ಷಿಣ ಕನ್ನಡದ ನಿಡ್ಡೋಡಿಗೆ ಬಂದಾಗ ಎಲ್ಲೂರಿನ ಚಿಮಣಿ ದೂರವೇನೂ ಇರಲಿಲ್ಲ. ಊರಿಗೆ ಊರೇ ಎದ್ದು ನಿಂತಿತು.

ಎಲ್ಲ ಕಡೆ ಹೀಗಾಗಲಿಲ್ಲ. ಆಂಧ್ರದ ಸೋಂಪೇಟದಲ್ಲಿ 2010ರ ಜುಲೈ 14ರಂದು ಜೌಗುಭೂಮಿ ಉಳಿಸಲು ಹೊರಟ ರೈತರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. ಅಲ್ಲಿನ ಸ್ಥಾವರದ ಪರಿಸರ ಅನುಮತಿ ರದ್ದಾದದ್ದೂ ಅದೇ ದಿನ. ಆ ಆದೇಶ ಒಂದು ದಿನ ಮೊದಲು ಬಂದಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ. 2014ರ ಜುಲೈನಲ್ಲಿ ವಿಜಯಪುರ ಜಿಲ್ಲೆಯ ಕೂಡಗಿಯಲ್ಲೂ ಗುಂಡು ಹಾರಿತು, ರೈತರು ಗಾಯಗೊಂಡರು. ಅದೇ ವರ್ಷದ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ ಕೂಡಗಿಯ ಅನುಮತಿಯನ್ನು ಅಮಾನತಿನಲ್ಲಿಟ್ಟಿತ್ತು. ಆದರೂ 2,400 ಮೆಗಾವಾಟ್‌ನ ಸ್ಥಾವರ ಅಲ್ಲಿ ತಲೆಯೆತ್ತಿತು.

ಚಿಮಣಿ ಎದ್ದ ಮೇಲೆ ಹೋರಾಟದ ಭಾಷೆಯೇ ಬದಲಾಗುತ್ತದೆ. ಎಲ್ಲೂರಿನ ಜನ ಈಗ ಬಾವಿನೀರು ಉಪ್ಪಾದದ್ದನ್ನು, ಮಲ್ಲಿಗೆ ಗಿಡದ ಮೇಲೆ ಕೂತ ಹಾರುಬೂದಿಯನ್ನು ಅಧಿಕಾರಿಗಳಿಗೆ ರುಜುವಾತುಪಡಿಸುತ್ತಾ ಹೋಗಬೇಕು. ನಂದಿಕೂರಿನ ಜನಜಾಗೃತಿ ಸಮಿತಿ ಪಟ್ಟುಬಿಡದೆ ನಡೆಸಿದ ಮೊಕದ್ದಮೆಯಲ್ಲಿ 2022ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ದೊಡ್ಡ ಜಯವೇ ಅದು. ಆದರೆ ಹಣ ಕೊಟ್ಟು ಬಾವಿಯನ್ನು ಸಿಹಿ ಮಾಡಲಾಗದು.

ಆದ್ದರಿಂದಲೇ ಮೊದಲ ಹೆಜ್ಜೆಯಾದ ಅಹವಾಲು ಸಭೆ ಮುಖ್ಯ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ಸಭೆಗೆ 30 ದಿನ ಮೊದಲೇ ತಿಳಿಸಬೇಕು, ಅಂದಾಜು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಪೂರ್ತಿ ವರದಿಯೋ ಇಂಗ್ಲಿಷಿನ ನೂರಾರು ಪುಟ. 2020ರಲ್ಲಿ ಕೇಂದ್ರ ಈ ಅಧಿಸೂಚನೆಯ ಹೊಸ ಕರಡು ತಂದಾಗ ಅದು ಪ್ರಾದೇಶಿಕ ಭಾಷೆಗಳಲ್ಲಿ ಜನರನ್ನು ಮುಟ್ಟಿಲ್ಲವೆಂದು ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಬಳಚು ಆರಿಸುವವರಿಗೂ ಮಲ್ಲಿಗೆ ಕಟ್ಟುವವರಿಗೂ ವರದಿಯ ಆ ಪುಟಗಳೆಲ್ಲ ಕನ್ನಡದಲ್ಲಿ, ಸಭೆಗೆ ಮೊದಲೇ ಸಿಗಬೇಕು.