ಅರ್ಧ ಇಂಚಿನ ನಲ್ಲಿ

ಅಡುಗೆಮನೆಯ ಸಿಂಕಿನ ನಲ್ಲಿ ಸೋರತೊಡಗಿದರೆ ಅಂಗಡಿಯಿಂದ ಯಾವ ಕಂಪನಿಯದನ್ನಾದರೂ ತಂದು ಹಳೆಯದರ ಜಾಗದಲ್ಲಿ ಕೂರಿಸಬಹುದು. ಮನೆಯವರೇ ಮಾಡಿಕೊಳ್ಳಬಹುದಾದ ಈ ಕೆಲಸದ ಹಿಂದೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಎರಡು ಬೆಳವಣಿಗೆಗಳಿವೆ: ಬದಲಾಯಿಸಬಹುದಾದ ವಾಷರ್ ಒಂದು, ಎಲ್ಲೆಡೆ ಒಂದೇ ಅಳತೆಯ ತಿರುಪು ಇನ್ನೊಂದು.

ರೋಮನ್ನರು ಬಳಸುತ್ತಿದ್ದ ಕಂಚಿನ ನಲ್ಲಿಯಲ್ಲಿ ಅಡ್ಡ ತೂತು ಕೊರೆದ ಗೂಟವೊಂದು ಇರುತ್ತಿತ್ತು. ಗೂಟವನ್ನು ಕಾಲು ಸುತ್ತು ತಿರುಗಿಸಿದರೆ ತೂತು ಕೊಳವೆಯ ನೇರಕ್ಕೆ ಬಂದು ನೀರು ಹರಿಯುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು. ಇದೇ ವಿನ್ಯಾಸ ನೂರಾರು ವರ್ಷ ನಡೆದುಬಂತು. ಮರಳಿನ ಕಣ ಸಿಕ್ಕಿ ಲೋಹಕ್ಕೆ ಗೀರು ಬಿದ್ದರೆ ಸೋರಿಕೆ ಶುರುವಾಗುತ್ತಿತ್ತು, ಆದರೆ ಕೊಳವೆಗಳಲ್ಲಿ ಒತ್ತಡ ಕಡಿಮೆ ಇದ್ದಷ್ಟು ಕಾಲ ಅದನ್ನು ಸಹಿಸಿಕೊಳ್ಳಬಹುದಿತ್ತು. 1831ರಲ್ಲಿ ಎಂಜಿನಿಯರ್ ಥಾಮಸ್ ಹಾಕ್ಸ್‌ಲಿ ನಾಟಿಂಗ್‌ಹ್ಯಾಮ್ ಪಟ್ಟಣಕ್ಕೆ ಹಗಲಿರುಳೂ ಒತ್ತಡದಲ್ಲಿ ನೀರು ಕೊಡುವ ವ್ಯವಸ್ಥೆ ಮಾಡಿದರು. ಇಂಥ ಪೂರೈಕೆಯಲ್ಲಿ ಗೂಟದ ನಲ್ಲಿಯ ದೋಷಗಳೆಲ್ಲ ಎದ್ದು ಕಂಡವು. ಸೋರಿಕೆ ಹೆಚ್ಚಿತು, ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಹರಿಯುವ ನೀರು ಒಮ್ಮೆಲೇ ತಡೆದು ಕೊಳವೆಯೇ ಹೊಡೆದಂತೆ ಅದುರುತ್ತಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ರಾದರ್‌ಹ್ಯಾಮ್ ಊರಿನ ಗೆಸ್ಟ್ ಅಂಡ್ ಕ್ರೈಮ್ಸ್ ಹಿತ್ತಾಳೆ ಕಾರ್ಖಾನೆಯಲ್ಲಿ, 1845ರಲ್ಲಿ. ಅಲ್ಲಿ ತಯಾರಾದ ನಲ್ಲಿಯ ಹಿಡಿ ತಿರುಗಿಸಿದಾಗ ತಿರುಪಿನ ಕಡ್ಡಿ ನಿಧಾನವಾಗಿ ಕೆಳಗಿಳಿದು, ತುದಿಯಲ್ಲಿದ್ದ ಮೆತ್ತನೆಯ ಬಿಲ್ಲೆಯನ್ನು, ಅಂದರೆ ವಾಷರನ್ನು, ನೀರಿನ ದಾರಿಯ ಮೇಲೆ ಒತ್ತುತ್ತಿತ್ತು. ಮುಚ್ಚುವುದು ನಿಧಾನವಾದ್ದರಿಂದ ಹೊಡೆತ ತಪ್ಪಿತು. ಸವೆಯುವುದು ಹಿತ್ತಾಳೆಯ ಬದಲು ಬಿಲ್ಲೆಯಾದ್ದರಿಂದ, ನಲ್ಲಿಯ ಮೇಲ್ಭಾಗ ಬಿಚ್ಚಿ ಅದೊಂದನ್ನು ಬದಲಿಸಿದರೆ ರಿಪೇರಿ ಮುಗಿಯುತ್ತಿತ್ತು. ಸವೆತವನ್ನೆಲ್ಲ ಅಗ್ಗದ ಒಂದೇ ಭಾಗಕ್ಕೆ ಹೊರಿಸಿದ ಈ ಉಪಾಯ ನಲ್ಲಿಯ ಚರಿತ್ರೆಯಲ್ಲೇ ಅತ್ಯಂತ ಜಾಣತನದ್ದು.

ತಿರುಪಿನ ವಿಷಯಕ್ಕೆ ಬಂದರೆ, ಆಗ ಒಂದೊಂದು ಕಾರ್ಖಾನೆಗೂ ಒಂದೊಂದು ಅಳತೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಲ್ಲರೂ 55 ಡಿಗ್ರಿ ಕೋನದ ಒಂದೇ ಬಗೆಯ ತಿರುಪು ಬಳಸಬೇಕೆಂದು ಸೂಚಿಸಿದರು. ಕೊಳವೆಗಳ ಬ್ರಿಟಿಷ್ ಮಾನಕ ಬೆಳೆದದ್ದು ಇದರಿಂದಲೇ, ಭಾರತ ಇಂದಿಗೂ ಅನುಸರಿಸುತ್ತಿರುವುದು ಅದನ್ನೇ. 'ಅರ್ಧ ಇಂಚಿನ' ನಲ್ಲಿಯ ತಿರುಪನ್ನು ಅಳೆದರೆ ಹೊರವ್ಯಾಸ ಸುಮಾರು 21 ಮಿ.ಮೀ. ಬರುತ್ತದೆ, ಅಂದರೆ ಅರ್ಧ ಇಂಚಿಗಿಂತ ಬಹಳ ಹೆಚ್ಚು. ಅರ್ಧ ಇಂಚು ಎಂಬುದು ಹಳೆಯ ಕಬ್ಬಿಣದ ಕೊಳವೆಯ ಒಳಗಂಡಿಯ ಲೆಕ್ಕ. ಒಂದು ಇಂಚಿಗೆ 14 ಸುತ್ತು ಎಂಬ ಕ್ರಮವೂ ಹಾಗೆಯೇ ಉಳಿದಿದೆ.

ನಲ್ಲಿ ನೀರು ಬರುವ ಮುನ್ನ ಬೆಂಗಳೂರು ಬಹುಕಾಲ ಬಾವಿಗಳನ್ನೂ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳನ್ನೂ ನಂಬಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ರೂಪುಗೊಂಡ ಯೋಜನೆ ಅರ್ಕಾವತಿ ನದಿಯ ನೀರನ್ನು ಹೆಸರಘಟ್ಟದಿಂದ ಊರಿಗೆ ತಂದಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ನೀರನ್ನು ಮೇಲೆತ್ತುತ್ತಿದ್ದವು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಜೊತೆಗೂಡಿತು, 1974ರಲ್ಲಿ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ಬಂದಳು. ನೀರು ಬಂತು, ಹಗಲಿರುಳಿನ ಒತ್ತಡ ಬರಲಿಲ್ಲ. ದಿನ ಬಿಟ್ಟು ದಿನ ಬರುವ ನೀರನ್ನು ಸಂಪಿನಲ್ಲಿ ತುಂಬಿ, ಪಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿಸುವುದು ಮನೆಮನೆಯ ರೂಢಿಯಾಯಿತು. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್; ಟ್ಯಾಂಕಿನ ಕೆಳಗಿನ ಮಹಡಿಗೆ ಅದರ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಹೆಚ್ಚಿನ ಒತ್ತಡಕ್ಕೆಂದು ರೂಪಿಸಿದ ವಿದೇಶಿ ನಲ್ಲಿಗಳಲ್ಲಿ ಇಲ್ಲಿ ನೀರು ಸಣ್ಣಗೆ ಬೀಳುವುದು ಇದರಿಂದಲೇ.

ಇತ್ತೀಚಿನ ನಲ್ಲಿಗಳಲ್ಲಿ ವಾಷರ್ ಬದಲು ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳಿವೆ, ರೋಮನ್ ಗೂಟದಂತೆ ಕಾಲು ಸುತ್ತು ಸಾಕು. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕಟ್ಟಿದರೆ ಬಿಲ್ಲೆಗಳಿರುವ ಕಾರ್ಟ್ರಿಜ್ಜನ್ನೇ ಬದಲಿಸಬೇಕಾಗುತ್ತದೆ. ತಿರುಪಿನ ಸಂದು ಮುಚ್ಚುವ ಸಾಮಗ್ರಿಯೂ ಬದಲಾಗಿದೆ. ಹಿಂದೆ ತಿರುಪಿಗೆ ಸಣಬಿನ ನಾರು ಸುತ್ತಿ ಸೀಸದ ಬಿಳಿ ಲೇಪ ಹಚ್ಚುತ್ತಿದ್ದರು. ರಾಯ್ ಪ್ಲಂಕೆಟ್ 1938ರಲ್ಲಿ ಕಂಡುಹಿಡಿದ ವಸ್ತುವಿನಿಂದ ಮಾಡಿದ ಟೆಫ್ಲಾನ್ ಟೇಪ್ ಆ ಜಾಗಕ್ಕೆ ಬಂದದ್ದು ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು.

ಬದಲಾಯಿಸುವ ಕ್ರಮ ಮಾತ್ರ ಹಳೆಯದೇ. ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರನ್ನು ಹರಿಯಬಿಟ್ಟು, ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಹೊಸ ನಲ್ಲಿಯ ತಿರುಪಿನ ಮೇಲೆ, ಅದು ಬಿಗಿಯುವ ದಿಕ್ಕಿನಲ್ಲೇ ಟೇಪು ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಹಿಂದಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ರೆಂಚ್ ಹಾಕಿ ಜೋರಾಗಿ ಬಿಗಿದರೂ ತಡೆಯುತ್ತಿತ್ತು. ಈಗ ಗೋಡೆಯೊಳಗಿರುವುದು ಸಿಪಿವಿಸಿ ಪೈಪು, ಹಿತ್ತಾಳೆಯ ತಿರುಪು ಕೂರಿಸಿದ ಪ್ಲಾಸ್ಟಿಕ್ ಎಲ್ಬೋ. ಕೈಯಲ್ಲಿ ಬಿಗಿದು ಆಮೇಲೆ ಒಂದೆರಡು ಸುತ್ತು ಮಾತ್ರ ರೆಂಚ್ ಬಳಸುವುದು ಕ್ಷೇಮ. ಎಲ್ಬೋ ಸೀಳಿದರೆ ಟೈಲ್ಸ್ ಒಡೆಯದೆ ಅದನ್ನು ಬದಲಿಸಲಾಗದು.